ಸ್ಪಷ್ಟನೆ: 'ದಿನಕ್ಕೆ ಒಂದೇ ಸಿಗರೇಟಾದರೆ ಪರವಾಗಿಲ್ಲ' ಅನ್ನೋದು ತಪ್ಪು

"ದಿನಕ್ಕೆ ಒಂದೇ ಸಿಗರೇಟು ಸೇದುವವರ ಹೃದಯಕ್ಕೆ ಅಪಾಯ, ಇಪ್ಪತ್ತು ಸೇದುವವರ ಇಪ್ಪತ್ತನೇ ಒಂದು ಭಾಗ ಮಾತ್ರ" ಎಂಬ ಸಂದೇಶ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ನಾಲ್ಕಾರು ಜನರಿಗೆ ಕಳಿಸಿದ್ದೆ. ಲೆಕ್ಕ ನೋಡೋಕೆ ಸರಿಯಾಗಿಯೇ ಇತ್ತು, ಅಲ್ವಾ? ಆದರೆ ಅದು ತಪ್ಪು.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 141 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವ ಗಂಡಸರಿಗೆ ಹೃದಯದ ರಕ್ತನಾಳದ ಕಾಯಿಲೆ ಬರುವ ಅಪಾಯ, ಎಂದೂ ಸೇದದವರಿಗಿಂತ ಸುಮಾರು ಶೇ. 48 ಜಾಸ್ತಿ. ಹೆಂಗಸರಿಗೆ ಶೇ. 57. ಅಂದರೆ ಇಪ್ಪತ್ತು ಸೇದುವುದರಿಂದ ಬರುವ ಹೆಚ್ಚುವರಿ ಅಪಾಯದಲ್ಲಿ ಹೆಚ್ಚುಕಡಿಮೆ ಮೂರನೇ ಒಂದರಿಂದ ಅರ್ಧದಷ್ಟು ಆ ಒಂದರಲ್ಲೇ ಇದೆ.

ಕಾರಣ ಇದೆ. ಸ್ವಲ್ಪ ಹೊಗೆ ಸಾಕು, ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳತೊಡಗುತ್ತವೆ, ರಕ್ತನಾಳದ ಒಳಪದರ ಕೆಡುತ್ತದೆ. ಹೆಪ್ಪುಗಟ್ಟುವುದಕ್ಕೆ ದಾರಿ ಅಲ್ಲೇ ಶುರು.

ಶ್ವಾಸಕೋಶದ ಕ್ಯಾನ್ಸರ್ ವಿಚಾರ ಬೇರೆ. ಅಲ್ಲಿ ಸಂಖ್ಯೆ ಇಳಿಸಿದರೆ ಅಪಾಯವೂ ಇಳಿಯುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ಸಂದೇಶ ಬರೆದವರು ಬಹುಶಃ ಈ ಲೆಕ್ಕವನ್ನೇ ಹೃದಯಕ್ಕೂ ಹಚ್ಚಿರಬೇಕು.

ಪೂರ್ತಿ ಬಿಟ್ಟವರಿಗೆ ಒಂದು ವರ್ಷದಲ್ಲಿ ಹೃದಯ ಕಾಯಿಲೆಯ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ಮಾಡುತ್ತಿರುವವರು ಅಲ್ಲಿಗೇ ನಿಲ್ಲಬೇಡಿ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಪಡೆದವರು ಅಳಿಸಿಬಿಡಿ.