ಸ್ಪಷ್ಟನೆ: ಮಾಧವ ಮೆನನ್ ನ್ಯಾಯಮೂರ್ತಿ ಆಗಿರಲಿಲ್ಲ

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದ ಎನ್.ಆರ್. ಮಾಧವ ಮೆನನ್ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅನ್ನೋ ಮೆಸೇಜ್ ಓಡಾಡುತ್ತಿದೆ. ಅದು ತಪ್ಪು. ಅವರು ಯಾವ ಕೋರ್ಟಿನಲ್ಲೂ ನ್ಯಾಯಮೂರ್ತಿ ಆಗಿರಲಿಲ್ಲ. ಅವರು ಮೇಷ್ಟ್ರು. ಅಲಿಗಢ, ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಕಾನೂನು ಪಾಠ ಹೇಳಿದವರು.

ಗೊಂದಲಕ್ಕೆ ಕಾರಣ ಇದೆ. ಭೋಪಾಲದ ನ್ಯಾಷನಲ್ ಜುಡಿಶಿಯಲ್ ಅಕಾಡೆಮಿಗೆ ಅವರು ಸ್ಥಾಪಕ ನಿರ್ದೇಶಕರಾಗಿದ್ದರು. ಅಲ್ಲಿ ತರಬೇತಿಗೆ ಬರುವವರು ನ್ಯಾಯಾಧೀಶರು. ಸಾಲದ್ದಕ್ಕೆ, ಲಾ ಸ್ಕೂಲಿನ ಕುಲಾಧಿಪತಿ ಭಾರತದ ಮುಖ್ಯ ನ್ಯಾಯಮೂರ್ತಿಗಳು. ಮೆನನ್ ಅದರ ಸ್ಥಾಪಕ ನಿರ್ದೇಶಕರು, ಅಷ್ಟೇ. ಎರಡೂ ಬೇರೆ ಬೇರೆ ಹುದ್ದೆ ಅಲ್ವಾ?

ಅವರ ನಿಜವಾದ ಕೆಲಸವೇ ಸಾಕಷ್ಟು ದೊಡ್ಡದು. ಕರ್ನಾಟಕದ 1986ರ ಕಾಯ್ದೆಯಿಂದ ಹುಟ್ಟಿದ ಈ ಶಾಲೆಯಲ್ಲಿ 1988ರಲ್ಲಿ ತರಗತಿ ಶುರುವಾಯಿತು. ಪಿಯುಸಿ ಮುಗಿಸಿದವರು ನೇರವಾಗಿ ಬಂದು ಐದು ವರ್ಷ ಬಿ.ಎ., ಎಲ್‌ಎಲ್.ಬಿ. ಓದಬೇಕು. ಸುಮ್ನೆ ನೋಟ್ಸ್ ಬರೆದುಕೊಳ್ಳುವಂತಿಲ್ಲ, ತೀರ್ಪು ಓದಿಕೊಂಡು ಬಂದು ವಾದ ಮಾಡಬೇಕು. ಈಗ ದೇಶದ ಎಷ್ಟೋ ಕಾನೂನು ವಿಶ್ವವಿದ್ಯಾಲಯಗಳು ಇದೇ ದಾರಿ ಹಿಡಿದಿವೆ. ಆಮೇಲೆ ಅವರು ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿಯಾದರು.

2003ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರ ಪದ್ಮಭೂಷಣ. ದಯವಿಟ್ಟು ಆ ಮೆಸೇಜ್ ಮುಂದಕ್ಕೆ ಕಳಿಸಬೇಡಿ.