ಆಟ ಅಲ್ಲ ಸ್ವಾಮಿ, ಡಿಸ್‌ಪ್ಲೇ!

ಬಾಕ್ಸ್ ಪೂರ್ತಿ ಕಪ್ಪು. ಮೂಲೆಯಲ್ಲಿ 18+ ಅಂತ ಮುದ್ರೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದಾಗ ಅತ್ತಿಗೆ ಒಮ್ಮೆ ಬಾಕ್ಸ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಮಗಳನ್ನು ಮೆಲ್ಲಗೆ ಒಳಗಿನ ಕೋಣೆಗೆ ಕಳಿಸಿದರು.

"ಏನಪ್ಪಾ ಅದು?"

"ಗಿಡ ಅತ್ತಿಗೆ. ಬೋನ್ಸಾಯ್. ಲೆಗೋದು."

"ಗಿಡಕ್ಕೆ ಯಾಕೆ ಹದಿನೆಂಟು ತುಂಬಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. ಲೆಗೋ ಅಂದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ, ಅಂಥ 878 ಪೀಸ್ ಜೋಡಿಸಿ ಮಾಡುವ ಒಂದು ಕುಂಡದ ಗಿಡ ಅದು. ಮಕ್ಕಳು ನೋಡಬಾರದ್ದು ಅದರಲ್ಲಿ ಏನೂ ಇಲ್ಲ. ಅದೇ ಕಂಪನಿ ಚಿಕ್ಕ ಮಕ್ಕಳಿಗೆ ಅಂತ ಮಾಡುವ ಸೆಟ್‌ಗಳನ್ನು ನೋಡಿ. ಕಳ್ಳರು ಇರುತ್ತಾರೆ, ಜೈಲು ಇರುತ್ತದೆ, ಬಾಯಿ ತೆರೆದ ಶಾರ್ಕ್, ಅಸ್ಥಿಪಂಜರ, ಕತ್ತಿ, ಬೆಂಕಿ ಉಗುಳುವ ಡ್ರ್ಯಾಗನ್ ಎಲ್ಲ ಇರುತ್ತವೆ. ಅದಕ್ಕೆಲ್ಲ ಆರು ಏಳು ವರ್ಷ ಸಾಕು. ಹೂವು, ಗಿಡ, ಹಳೇ ಟೈಪ್‌ರೈಟರ್ ಇಂಥವಕ್ಕೆ ಮಾತ್ರ ಹದಿನೆಂಟು ತುಂಬಿರಬೇಕು.

ಈ 18+ ಇರುವುದು ಮಕ್ಕಳಿಗಾಗಿ ಅಲ್ಲ ಅಂತ ನನಗೆ ಅರ್ಥವಾಗಿದ್ದು ಆಮೇಲೆ. 2020ರ ಸುಮಾರಿಗೆ ಈ ಕಪ್ಪು ಬಾಕ್ಸ್‌ಗಳು ಬರಲು ಶುರುವಾದವು. ಅದು ನನ್ನಂಥವನಿಗೆ ಕೊಟ್ಟ ಪರ್ಮಿಷನ್ ಲೆಟರ್. ಕೌಂಟರಿನಲ್ಲಿ ನಿಂತಾಗ "ಮಗುವಿಗಾ ಸಾರ್?" ಅಂತ ಯಾರಾದರೂ ಕೇಳಿದರೆ, ಮಾತಾಡದೆ ಮೂಲೆಯ ಆ ಅಂಕಿಯನ್ನು ತೋರಿಸಬಹುದು. ಅದಕ್ಕೆ ಮುಂಚೆ ನಾವೆಲ್ಲ ಇಲ್ಲದ ಅಣ್ಣನ ಮಕ್ಕಳಿಗೆ, ಹುಟ್ಟದ ಸೋದರಳಿಯಂದಿರಿಗೆ ಎಷ್ಟು ಉಡುಗೊರೆ ಖರೀದಿಸಿದ್ದೇವೋ ಲೆಕ್ಕವೇ ಇಲ್ಲ. "ಗಿಫ್ಟ್ ಪ್ಯಾಕ್ ಮಾಡಲಾ?" ಅಂದಾಗ ಬೇಡ ಅನ್ನಲು ಆಗುತ್ತಿರಲಿಲ್ಲ ನೋಡಿ, ಮನೆಗೆ ಬಂದು ನನ್ನ ಉಡುಗೊರೆಯ ಕಾಗದವನ್ನು ನಾನೇ ಹರಿಯುತ್ತಿದ್ದೆ.

ತಮಾಷೆ ಏನೆಂದರೆ, ಲೆಗೋ ಅನ್ನುವ ಹೆಸರೇ ಆಟದಿಂದ ಬಂದದ್ದು. ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ. ಆಮೇಲೆ ಡ್ಯಾನಿಶ್ ಭಾಷೆಯ ಎರಡು ಪದಗಳ ತಲೆ ಸೇರಿಸಿ ಈ ಹೆಸರು ಕಟ್ಟಿದ. ಆ ಎರಡು ಪದಗಳ ಅರ್ಥ "ಚೆನ್ನಾಗಿ ಆಡು". ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಈ 'ಆಡು' ಅನ್ನುವ ಪದವನ್ನು ಮಾತ್ರ ಮೀಸೆ ಬಂದವರು ಯಾರೂ ಮುಟ್ಟುವುದಿಲ್ಲ. ಬಿಲ್ಡ್ ಮಾಡುತ್ತೇವೆ, ಕಲೆಕ್ಟ್ ಮಾಡುತ್ತೇವೆ, ಡಿಸ್‌ಪ್ಲೇ ಮಾಡುತ್ತೇವೆ, ಸ್ಟ್ರೆಸ್ ಕಡಿಮೆ ಮಾಡಿಕೊಳ್ಳುತ್ತೇವೆ. ಆಡುವುದಂತೂ ಇಲ್ಲವೇ ಇಲ್ಲ. ಛೆ ಛೆ.

ನಮ್ಮಣ್ಣನನ್ನೇ ತಗೊಳ್ಳಿ. ಹತ್ತು ವರ್ಷ ನನ್ನ ಕಪಾಟಿನ ಮುಂದೆ ಹಾದುಹೋಗುವಾಗೆಲ್ಲ "ವಯಸ್ಸೆಷ್ಟೋ ನಿಂಗೆ?" ಅಂತ ಕೇಳುತ್ತಿದ್ದ. ಉತ್ತರ ಅವನಿಗೆ ಗೊತ್ತಿತ್ತು, ನನಗಿಂತ ಮೂರೇ ವರ್ಷ ದೊಡ್ಡವನು. ಹೀಗಿರುವಾಗ ಒಂದು ದಿನ ಅವನು ಎಲ್ಲೋ ಒಂದು ಸುದ್ದಿ ಓದಿದ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ ಲೆಗೋ ಸೆಟ್‌ಗಳ ಬೆಲೆ ಲೆಕ್ಕ ಹಾಕಿದ್ದರು. ಮಾರಾಟ ನಿಂತ ಸೆಟ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಸರಾಸರಿ ವರ್ಷಕ್ಕೆ ಶೇಕಡ 11ರಷ್ಟು ಲಾಭ ಕೊಟ್ಟಿವೆ ಅಂತ ಅವರ ಲೆಕ್ಕ. ಅಂದು ಸಂಜೆ ಅಣ್ಣ ನನ್ನ ಕೋಣೆಗೆ ಬಂದ. ಕಪಾಟಿನ ಮುಂದೆ ಕೈಕಟ್ಟಿ ನಿಂತ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಇತ್ತು.

"ಪರವಾಗಿಲ್ಲ ಕಣೋ. ದೂರ ಯೋಚನೆ ಮಾಡಿದ್ದೀಯ. ಬಾಕ್ಸ್‌ಗಳು ಸೀಲ್ ಇವೆ ತಾನೆ?"

"ಇಲ್ಲ ಅಣ್ಣ. ಎಲ್ಲ ಒಡೆದಿದ್ದೇನೆ."

"ಎಲ್ಲಾನೂ?"

"ಜೋಡಿಸಬೇಕಲ್ವಾ..."

"ಯಾಕೆ?"

ಆ ಗೌರವ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ಅಲ್ಲಿಂದಾಚೆಗೆ ನನಗೆ ಈ ಲೋಕದ ಲೆಕ್ಕ ಸ್ಪಷ್ಟವಾಗಿದೆ. ಆಟಿಕೆ ತಂದು ಬಾಕ್ಸ್ ತೆರೆಯದೆ ಅಟ್ಟದ ಮೇಲೆ ಇಟ್ಟವನು ಹೂಡಿಕೆದಾರ, ಬುದ್ಧಿವಂತ. ತೆರೆದು ಜೋಡಿಸಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಲೈಟ್ ಹಾಕಿದವನು ಕಲಾವಿದ, ಅಭಿರುಚಿ ಇರುವವನು. ಅದೇ ಮನುಷ್ಯ ಗಾಜಿನ ಬಾಗಿಲು ತೆಗೆದು, ವಿಮಾನವನ್ನು ಕೈಯಲ್ಲಿ ಹಿಡಿದು, ಬಾಯಲ್ಲಿ "ಝೂಂ..." ಅಂದನೋ, ಮನೆಯವರು ಪರಿಚಯದ ಡಾಕ್ಟರ ನಂಬರ್ ಹುಡುಕುತ್ತಾರೆ. ಆಟಿಕೆಯಿಂದ ಎಷ್ಟು ದೂರ ಇದ್ದೀರೋ ಅಷ್ಟು ನಿಮ್ಮ ಮರ್ಯಾದೆ ಜಾಸ್ತಿ.

ಖುಷಿಗಾಗಿ ಮುಟ್ಟದಿದ್ದರೆ ಯಾರು ಬೇಕಾದರೂ ಈ ಇಟ್ಟಿಗೆ ಮುಟ್ಟಬಹುದು. ಇಂಗ್ಲೆಂಡಿನಲ್ಲಿ ಎಂಜಿನಿಯರ್‌ಗಳು ಮೇಲೆ ನಾಲ್ಕು ಉಬ್ಬು ಇರುವ ಒಂದು ಇಟ್ಟಿಗೆಯನ್ನು ಮಷೀನಿಗೆ ಕೊಟ್ಟು ಹಿಸುಕಿ ನೋಡಿದರು. ಅದು ಸುಮಾರು 4,240 ನ್ಯೂಟನ್ ಭಾರ ತಡೆದುಕೊಂಡು ಆಮೇಲೆ ಸೋತಿತು. ಒಂದರ ಮೇಲೊಂದು 3,75,000 ಇಟ್ಟಿಗೆ ಪೇರಿಸಿದರೆ ಕೆಳಗಿನದು ಅಪ್ಪಚ್ಚಿಯಾಗುತ್ತದಂತೆ. ಇದು ವಿಜ್ಞಾನ. ಯೂರೋಪಿನ ಅತ್ಯುನ್ನತ ನ್ಯಾಯಾಲಯ 2010ರಲ್ಲಿ ಇದೇ ಇಟ್ಟಿಗೆಯ ಆಕಾರದ ಬಗ್ಗೆ ತೀರ್ಪು ಕೊಟ್ಟಿತು. ಆ ಉಬ್ಬುಗಳು ಇರುವುದು ಒಂದಕ್ಕೊಂದು ಕಚ್ಚಿಕೊಳ್ಳಲಿಕ್ಕೆ, ಹಾಗಾಗಿ ಅವುಗಳನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಹಾಗಿಲ್ಲ ಅಂತ. ಇದು ಕಾನೂನು. 2018ರಲ್ಲಿ ಮಕ್ಕಳ ಆರೋಗ್ಯದ ಕ್ಷೇತ್ರದಲ್ಲಿ ಕೆಲಸ ಮಾಡುವ ಆರು ಜನ ಲೆಗೋ ಬೊಂಬೆಯ ತಲೆಯನ್ನು ನುಂಗಿ, ಅದು ಹೊರಗೆ ಬರುವವರೆಗೆ ಕಾದು, ದಿನಾ ಹುಡುಕಿ, ಸರಾಸರಿ 1.71 ದಿನ ಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಇದು ವೈದ್ಯಕೀಯ ಸಂಶೋಧನೆ. ಆರು ಜನ ಬೊಂಬೆಯ ತಲೆ ನುಂಗಿದರೆ ಸಂಶೋಧನೆ, ನಾನು ಆ ತಲೆಗೆ ಒಂದು ಟೋಪಿ ಹಾಕಿದರೆ ಮಕ್ಕಳಾಟ. ಅಂದಹಾಗೆ ಆರರಲ್ಲಿ ಒಬ್ಬರ ತಲೆ ಸಿಗಲೇ ಇಲ್ಲ. ಬೊಂಬೆಯ ತಲೆ ಅಂದೆ.

ಆಫೀಸಿನ ಕಥೆ ಇನ್ನೂ ಚೆನ್ನಾಗಿದೆ. ನನ್ನ ಮೇಜಿನ ಮೇಲೆ ಒಂದು ಪುಟ್ಟ ಗಗನಯಾತ್ರಿ ಇದ್ದ. ಹೆಬ್ಬೆರಳಿನಷ್ಟು ಎತ್ತರ. ಅವನನ್ನು ಡ್ರಾಯರ್ ಒಳಗೆ ಇಡಬೇಕು, ಕ್ಲೈಂಟ್ ಬರುತ್ತಾರೆ, ಇಮೇಜ್ ಪ್ರಶ್ನೆ ಅಂತ ನಮ್ಮ ಮ್ಯಾನೇಜರ್ ನಯವಾಗಿ ಹೇಳಿದರು. ಇಟ್ಟೆ. ಎರಡು ತಿಂಗಳಿಗೆ ಒಂದು ತರಬೇತಿ ಬಂತು. ದೊಡ್ಡ ಹಾಲ್, ದುಂಡು ಮೇಜುಗಳು, ಪ್ರತಿ ಮೇಜಿನ ಮೇಲೆ ಒಂದು ರಾಶಿ ಲೆಗೋ. ಕಾರ್ಯಕ್ರಮದ ಹೆಸರು "ಲೆಗೋ ಸೀರಿಯಸ್ ಪ್ಲೇ". ನಾನು ಕಟ್ಟಿದ ಹೆಸರಲ್ಲ ಇದು, ನಿಜವಾಗಿ ಇದೆ. 1990ರ ದಶಕದಲ್ಲಿ ಮ್ಯಾನೇಜ್‌ಮೆಂಟ್ ಪ್ರೊಫೆಸರುಗಳ ಜೊತೆ ಕೂತು ಕಂಪನಿಯೇ ಹುಟ್ಟುಹಾಕಿದ ಪದ್ಧತಿ. ಪ್ಲೇ ಅಂದರೆ ಯಾರೂ ಬರುವುದಿಲ್ಲ, ಹಿಂದೆ ಒಂದು ಸೀರಿಯಸ್ ಸೇರಿಸಿದರೆ ನೋಡಿ, ಹಾಲ್ ತುಂಬುತ್ತದೆ, ಸಂಬಳವೂ ಕಟ್ ಆಗುವುದಿಲ್ಲ.

ಮೊದಲ ಪಾಠ, ಆರು ಇಟ್ಟಿಗೆಯಲ್ಲಿ ಬಾತುಕೋಳಿ ಮಾಡಿ. ಗಗನಯಾತ್ರಿಗೆ ಡ್ರಾಯರ್ ತೋರಿಸಿದ್ದ ನಮ್ಮ ಮ್ಯಾನೇಜರ್ ನಾಲಿಗೆ ಹೊರಗೆ ಹಾಕಿಕೊಂಡು ಬಾತುಕೋಳಿ ಮಾಡಿದರು. ಪಕ್ಕದವರ ಬಾತಿಗೆ ಕೆಂಪು ಕೊಕ್ಕು ಇದ್ದದ್ದು ಅವರಿಗೆ ಸಹಿಸಲಿಲ್ಲ. "ಸಾರ್, ಅದು ನನ್ನ ಸೆಟ್ಟಿನ ಪೀಸು" ಅಂತ ಟ್ರೇನರ್ ಹತ್ತಿರ ದೂರು ಹೇಳಿದರು. ಐವತ್ತು ದಾಟಿದ ಇಬ್ಬರು ದೊಡ್ಡ ಮನುಷ್ಯರು ಒಂದು ಕೆಂಪು ಪೀಸ್ ಹಿಡಿದು ಎಳೆದಾಡಿದ್ದನ್ನು ಟ್ರೇನರ್ "ಸಂಪನ್ಮೂಲ ಹಂಚಿಕೆಯ ಸವಾಲು" ಅಂತ ಬೋರ್ಡ್ ಮೇಲೆ ಬರೆದರು. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್. ಅದನ್ನು ಮ್ಯಾನೇಜರ್ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ನನ್ನ ಗಗನಯಾತ್ರಿ ಇನ್ನೂ ಸ್ಟೇಪ್ಲರ್ ಪಿನ್ನುಗಳ ನಡುವೆ ಮಲಗಿದ್ದಾನೆ.

ಬೇರೆಯವರನ್ನು ಮಾತ್ರ ಆಡಿಕೊಂಡರೆ ತಪ್ಪಾಗುತ್ತದೆ. ನಾವು ದೊಡ್ಡ ವಯಸ್ಸಿನ ಲೆಗೋ ಅಭಿಮಾನಿಗಳೇನು ಕಡಿಮೆ ಇಲ್ಲ. ಆಟ ಅನ್ನಿಸಿಕೊಳ್ಳಬಾರದು ಅಂತ ನಾವು ಅದನ್ನು ಒಂದು ಸರ್ಕಾರಿ ಇಲಾಖೆ ಮಾಡಿಟ್ಟಿದ್ದೇವೆ. ಎಂಟುಬ್ಬಿನ ಇಟ್ಟಿಗೆ ಅಂದರೆ ನಮಗೆ ಅರ್ಥವಾಗುವುದಿಲ್ಲ, ಅದರ ಪಾರ್ಟ್ ನಂಬರ್ ಹಿಡಿದು 3001 ಅನ್ನಬೇಕು. ಚಿಕ್ಕಂದಿನಲ್ಲಿ ಬಿಟ್ಟು ದೊಡ್ಡವರಾದ ಮೇಲೆ ವಾಪಸ್ ಬಂದರೆ, ನಡುವಿನ ವರ್ಷಗಳಿಗೆ "ಡಾರ್ಕ್ ಏಜಸ್", ಕತ್ತಲೆ ಯುಗ ಅಂತ ಹೆಸರು. ಆ ಕತ್ತಲೆ ಯುಗದಲ್ಲೇ ಓದು, ಕೆಲಸ, ಮದುವೆ ಎಲ್ಲ ಆಗಿರುತ್ತದೆ. ಅದನ್ನು ಹೆಂಡತಿಯ ಮುಂದೆ ಹೇಳಿ ನೋಡಿ. ಲೆಗೋಗಳು ಅಂತ ಬಹುವಚನ ಬಳಸಿದರೆ ತಿದ್ದಲು ವ್ಯಾಕರಣದ ಮೇಷ್ಟ್ರು ಎದ್ದು ಬರುತ್ತಾರೆ, ಲೆಗೋ ಇಟ್ಟಿಗೆಗಳು ಅನ್ನಬೇಕು ಅಂತ, ಕಂಪನಿಯ ಆಸೆಯೂ ಅದೇ. ಪೀಸಿನ ಮೇಲೆ ಒತ್ತಡ ಬೀಳುವ ಹಾಗೆ ಓರೆಯಾಗಿ ತುರುಕಿದರೆ ಅದು "ಇಲ್ಲೀಗಲ್". ಹೌದು, ಕಾನೂನುಬಾಹಿರ! ಯಾವ ಪೊಲೀಸೂ ಬರುವುದಿಲ್ಲ, ಆದರೂ ನನ್ನ ಕೋಟೆಯ ಹಿಂಭಾಗದಲ್ಲಿ ಅಂಥ ಎರಡು ಅಪರಾಧಗಳಿವೆ, ಅದಕ್ಕೇ ಆ ಬದಿ ಗೋಡೆಗೆ ತಾಗಿಸಿ ಇಟ್ಟಿದ್ದೇನೆ.

2004ರಲ್ಲಿ ಕಂಪನಿ ಬೂದು ಬಣ್ಣಕ್ಕೆ ಚೂರೇ ಚೂರು ನೀಲಿ ಬೆರೆಸಿತು. ಬೇರೆಯವರು ಎರಡನ್ನೂ ಕೈಯಲ್ಲಿ ಹಿಡಿದು ಬಿಸಿಲಿಗೆ ಬಂದು ನೋಡಿದರೂ ಗೊತ್ತಾಗುವುದು ಕಷ್ಟ. ದೊಡ್ಡ ಅಭಿಮಾನಿಗಳು ಮನೆಯ ಹಿರಿಯರು ಹೋದ ಹಾಗೆ ಗೋಳಾಡಿದರು. ಕೆಲವರು ಇಂದಿಗೂ ಹಳೇ ಬೂದು, ಹೊಸ ಬೂದು ಅಂತ ಡಬ್ಬ ಬೇರೆ ಇಡುತ್ತಾರೆ. ಆರು ವರ್ಷದ ಮಗು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ, ಹಸಿರು ಆನೆ ಮಾಡಿ ಮುಂದೆ ಹೋಗುತ್ತದೆ. ನಾನೂ ಎರಡು ಡಬ್ಬ ಇಟ್ಟಿದ್ದೇನೆ, ಬಿಡಿ.

ಇನ್ನೊಂದು ಲೆಕ್ಕ ಕೇಳಿ. ಒಂದೇ ಬಣ್ಣದ ಎಂಟುಬ್ಬಿನ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದು. ಬರೀ ಆರು ಇಟ್ಟಿಗೆ, ತೊಂಬತ್ತೊಂದು ಕೋಟಿಗೂ ಜಾಸ್ತಿ ಬಗೆ. ಇಷ್ಟು ಸ್ವಾತಂತ್ರ್ಯ ಕೊಟ್ಟರೆ ಹದಿನೆಂಟು ತುಂಬಿದ ನಾವು ಮಾಡುವುದೇನು? ದಪ್ಪ ಪುಸ್ತಕ ತೆರೆದು ಪುಟ ಒಂದರಿಂದ ಅಕ್ಷರ ತಪ್ಪದೆ ಹೇಳಿದ ಹಾಗೆ ಕೇಳುವುದು. ಐಫೆಲ್ ಟವರಿನ ಸೆಟ್‌ನಲ್ಲಿ 10,001 ಪೀಸ್, ಒಂದೂವರೆ ಮೀಟರಿಗೆ ಒಂದೇ ಸೆಂಟಿಮೀಟರ್ ಕಡಿಮೆ. ಅದನ್ನು ಮುಗಿಸಿದ ಸ್ನೇಹಿತರೊಬ್ಬರು "ನಾನೇ ಕಟ್ಟಿದೆ" ಅಂತ ಎಲ್ಲರಿಗೂ ಫೋಟೋ ಕಳಿಸಿದರು. ಸ್ವಂತ ಬುದ್ಧಿಯಿಂದ ಒಂದೇ ಒಂದು ಪೀಸ್ ಇಟ್ಟಿದ್ದರೆ ಟವರ್ ವಾಲುತ್ತಿತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮೊದಲ ಕವರ್ ಹರಿಯುವಾಗಿನ ಸದ್ದು ಇದೆಯಲ್ಲ, ಪೀಸ್‌ಗಳು ತಟ್ಟೆಗೆ ಸುರಿಯುವ ಮಳೆಯಂಥ ಸದ್ದು, ಆಮೇಲೆ ಎರಡು ಇಟ್ಟಿಗೆ ಕೂತಾಗ ಬರುವ 'ಟಕ್', ಇದಕ್ಕೆ ಸಮ ಯಾವುದೂ ಇಲ್ಲ. ಈಗಿನ ಹಿಡಿತದ ವಿನ್ಯಾಸಕ್ಕೆ ಪೇಟೆಂಟ್ ಹಾಕಿದ್ದು 1958ರಲ್ಲಿ. ಆಗಿನ ಇಟ್ಟಿಗೆ ಇವತ್ತಿನದಕ್ಕೆ ಸರಿಯಾಗಿ ಕೂರುತ್ತದೆ. ನನ್ನ ಫೋನಿಗೆ ಹೋದ ವರ್ಷದ ಚಾರ್ಜರ್ ಕೂರುವುದಿಲ್ಲ. ಬೋನ್ಸಾಯ್ ಮಾಡಿದ ರಾತ್ರಿ ಒಂದು ಪೀಸ್ ಕಾಣೆಯಾಯಿತು. ಕಂದು ಬಣ್ಣದ್ದು, ಬೇಳೆಯಷ್ಟು ಗಾತ್ರ. ಟಾರ್ಚ್ ಹಿಡಿದು ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಿದ್ದಾಗ ಗೋಡೆಯ ಆಚೆಯಿಂದ ಅಣ್ಣ "ಏನೋ ಅದು ಸದ್ದು?" ಅಂದ. "ಉಂಗುರ ಬಿದ್ದಿದೆ" ಅಂದೆ. ನಾನು ಉಂಗುರ ಹಾಕುವುದೇ ಇಲ್ಲ. ಕೊನೆಗೆ ಪೀಸ್ ಸಿಕ್ಕಿದ್ದು ನನ್ನ ಮೊಣಕೈಗೆ ಅಂಟಿಕೊಂಡು.

ಗಿಡ ಮುಗಿಯಿತು. ಹಸಿರು ಎಲೆಯನ್ನೂ ಹಾಕಬಹುದು, ಗುಲಾಬಿ ಹೂವನ್ನೂ ಹಾಕಬಹುದು, ನಾನು ಹೂವು ಹಾಕಿ ಹಾಲ್‌ನಲ್ಲಿ ಇಟ್ಟೆ. ಅತ್ತಿಗೆ ಧೂಳು ಒರೆಸಲು ಹಳೇ ಮೇಕಪ್ ಬ್ರಶ್ ಕೊಟ್ಟರು. ಬಂದವರೆಲ್ಲ ಒಂದು ನಿಮಿಷ ನಿಂತು ನೋಡುತ್ತಿದ್ದರು. "ಎಷ್ಟು ನಾಜೂಕು!" "ಮನಸ್ಸಿಗೆ ಶಾಂತಿ ಅನ್ನಿಸುತ್ತೆ ಅಲ್ವಾ?" ಅಣ್ಣನೂ "ಈ ಒಂದು ಮಾತ್ರ ಆಟಿಕೆ ಥರ ಇಲ್ಲ, ಡೀಸೆಂಟಾಗಿದೆ" ಅಂದ. ಒಂದು ಗುಟ್ಟು ನನ್ನೊಳಗೇ ಇತ್ತು, ನಾನು ಬಾಯಿ ಬಿಡಲಿಲ್ಲ.

ಹೋದ ಭಾನುವಾರ ಅಣ್ಣನ ಮಗಳು ಸ್ಟೂಲ್ ಎಳೆದುಕೊಂಡು ಬಂದು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಚಿಕ್ಕಪ್ಪಾ, ಇದು ಹೂವಲ್ಲ. ಕಪ್ಪೆ!"

ಹೌದು. ಆ ಗಿಡದ ಹೂವೆಲ್ಲ ಗುಲಾಬಿ ಬಣ್ಣದ ಪುಟ್ಟ ಪುಟ್ಟ ಕಪ್ಪೆಗಳು. ಅದನ್ನು ವಿನ್ಯಾಸ ಮಾಡಿದವರ ಕಿತಾಪತಿ ಅದು. ಒಂದೊಂದನ್ನೂ ಕೂರಿಸಿದವನು ನಾನು. ಹೂವು ಅಂದರೆ ಕಲೆ, ಕಪ್ಪೆ ಅಂದರೆ ಆಟಿಕೆ, ಅದಕ್ಕೇ ಸುಮ್ನಿದ್ದೆ. ಅತ್ತಿಗೆ ಕನ್ನಡಕ ಹುಡುಕಿ ತಂದರು. "ಅಯ್ಯೋ ಹೌದಲ್ವಾ, ಕಣ್ಣು ಕೂಡ ಇದೆ" ಅಂದರು. ಎಣಿಸಲು ಶುರು ಮಾಡಿದರು, ಮೂವತ್ತಕ್ಕೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು. ಅಣ್ಣ ಏನೂ ಮಾತಾಡದೆ ಒಂದು ಕಪ್ಪೆಯನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದ. ನಾವೆಲ್ಲ ಗಿಡದ ಕಡೆ ಬಗ್ಗಿದ್ದೆವು. ಯಾರೂ ನೋಡುತ್ತಿಲ್ಲ ಅಂದುಕೊಂಡು ಅವನು ಕಪ್ಪೆಯನ್ನು ಟೀವಿ ಸ್ಟ್ಯಾಂಡಿನ ಮೇಲಿಟ್ಟು, ಬೆರಳಲ್ಲಿ ಎರಡು ಸಲ ಕುಪ್ಪಳಿಸಿದ.