ಬೀಡಿ ಕೇಳಬೇಡಿ, ಕೆಲಸ ಕೇಳಿ

ನಿನ್ನೆ ಮತ್ತೆ ಅದೇ ಆಯಿತು. ಅಪ್ಪನನ್ನು ನೋಡಲು ಬಾಗಲಕೋಟೆಯಿಂದ ಬೀಗರ ಕಡೆಯವರು ಬಂದಿದ್ದರು. ಪ್ರೀತಿ ಇರುವ ಜನವೇ. ಬಾಳೆಹಣ್ಣು ತಂದಿದ್ದರು. ಚಹಾ ಕುಡಿದು ಕಪ್ಪು ಕೆಳಗಿಟ್ಟ ಕೂಡಲೇ ಅವರಲ್ಲೊಬ್ಬರು ಕೇಳಿಯೇ ಬಿಟ್ಟರು: "ಭಾಳ ಬೀಡಿ ಸೇದ್ತಿದ್ರೇನ್ರೀ ಅಣ್ಣಾರ?" ಅಪ್ಪ ತಲೆ ತಗ್ಗಿಸಿದರು. "ಹೂಂನ್ರೀ, ವಯಸ್ಸಿನ್ಯಾಗ ಸೇದೀನಿ. ಮಾಡಿದ್ದು ಉಣ್ಣಾಕತ್ತೀನಿ" ಅಂದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲೇ ಕೂತಿದ್ದರೆ ಜೋರಾಗಿ ಏನಾದರೂ ಅಂದುಬಿಡುತ್ತಿದ್ದೆ.

ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇದೆ, ಅಪ್ಪನಿಗೆ ಆಗಿರುವುದು ಮೀಸೋಥೆಲಿಯೋಮಾ ಎಂಬ ಕ್ಯಾನ್ಸರ್. ಬೀಡಿಗೂ ಈ ಕಾಯಿಲೆಗೂ ಸಂಬಂಧ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ, ಸಂಬಂಧ ಇಲ್ಲ. ಬೀಡಿ ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ನಿಜ. ಆಸ್ಬೆಸ್ಟಾಸ್, ಅಂದರೆ ಬೆಂಕಿಗೆ ಜಗ್ಗದ ಎಳೆ ಎಳೆಯಾದ ಖನಿಜ, ಅದರ ದೂಳು ಕುಡಿದವರು ಬೀಡಿಯನ್ನೂ ಸೇದಿದರೆ ಆ ಕ್ಯಾನ್ಸರಿನ ಅಪಾಯ ಇನ್ನೂ ಜಾಸ್ತಿ ಆಗುತ್ತದೆ, ಅದೂ ನಿಜ. ಆದರೆ ಇದು ಆ ಕ್ಯಾನ್ಸರ್ ಅಲ್ಲ. ಶ್ವಾಸಕೋಶದ ಹೊರಗೆ, ಉಳ್ಳಾಗಡ್ಡಿ ಸಿಪ್ಪೆಯಂಥ ಎರಡು ತೆಳು ಪದರಗಳಿರುತ್ತವೆ. ಪ್ಲೂರಾ ಅನ್ನುತ್ತಾರೆ. ಅಪ್ಪನ ಕ್ಯಾನ್ಸರ್ ಇರುವುದು ಅಲ್ಲಿ. ಇದೇ ಕಾಯಿಲೆ ಕೆಲವರಿಗೆ ಹೊಟ್ಟೆಯ ಒಳಪೊರೆಯಲ್ಲೂ ಬರುತ್ತದೆ. ಇದಕ್ಕೆ ಮುಖ್ಯ ಕಾರಣ ಆಸ್ಬೆಸ್ಟಾಸ್. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಉಳಿದುಬಿಡುತ್ತವೆ. ದೇಹ ಅವನ್ನು ಕರಗಿಸಲಾರದು. ಸಾಮಾನ್ಯವಾಗಿ 20ರಿಂದ 50 ವರ್ಷ ಬಿಟ್ಟು ಕಾಯಿಲೆ ಹೊರಗೆ ಬರುತ್ತದೆ. ಅಷ್ಟೊತ್ತಿಗೆ ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿರುತ್ತದೆ. ಜೊತೆಗಿದ್ದವರು ಎಲ್ಲೆಲ್ಲೋ ಇರುತ್ತಾರೆ. ಬೀಡಿ ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಅಪ್ಪ ನಮ್ಮ ಈ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿದ್ದರು. ಕಬ್ಬಿನ ಹಂಗಾಮು ಮುಗಿದು ಬಾಯ್ಲರ್ ಆರಿದ ಮೇಲೆ ಅವರ ನಿಜವಾದ ಕೆಲಸ ಶುರು. ಉಗಿ ಹೋಗುವ ಪೈಪುಗಳ ಮೇಲಿನ ಹಳೆಯ ಹೊದಿಕೆ ಒಡೆದು ತೆಗೆಯಬೇಕು. ಆಸ್ಬೆಸ್ಟಾಸ್ ಪುಡಿಯನ್ನು ನೀರಿನಲ್ಲಿ ಕಲಸಿ ಮೆತ್ತಬೇಕು. ಬಾಗಿಲುಗಳ ಸುತ್ತ ಆಸ್ಬೆಸ್ಟಾಸ್ ಹಗ್ಗ ಕೊಯ್ದು ಕೂಡಿಸಬೇಕು. ಹಳೆಯದನ್ನು ಒಡೆಯುವಾಗ ಏಳುತ್ತಿದ್ದ ಬಿಳಿ ದೂಳಿನಲ್ಲಿ ಎದುರಿಗಿದ್ದವರೂ ಕಾಣುತ್ತಿರಲಿಲ್ಲವಂತೆ. ಮುಖಕ್ಕೆ ಒಂದು ಟವೆಲ್ ಕಟ್ಟಿಕೊಳ್ಳುತ್ತಿದ್ದರು, ಅಷ್ಟೇ. ಅದರಲ್ಲಿ ಏನಿದೆ ಅಂತ ಯಾರೂ ಅವರಿಗೆ ಹೇಳಲಿಲ್ಲ.

ಹೇಳುವಷ್ಟು ತಿಳಿವಳಿಕೆ ಇರಲಿಲ್ಲವಾ? ಇತ್ತು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಟಿಬಿ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಸ್ಲೆಗ್ಸ್ ಎಂಬ ವೈದ್ಯರಿಗೆ ಒಂದು ಅನುಮಾನ ಬಂತು. ಎದೆಯಲ್ಲಿ ನೀರು ತುಂಬಿಕೊಂಡು ಬರುತ್ತಿದ್ದ ಕೆಲವು ರೋಗಿಗಳಿಗೆ ಟಿಬಿ ಔಷಧಿ ಹತ್ತುತ್ತಲೇ ಇರಲಿಲ್ಲ. ನೋಡಿದರೆ ಅವರೆಲ್ಲ ಊರಿನ ಪಶ್ಚಿಮಕ್ಕೆ, ನೀಲಿ ಆಸ್ಬೆಸ್ಟಾಸ್ ಗಣಿಗಳಿದ್ದ ಕಡೆಯವರು. ಅವರೂ, ವ್ಯಾಗ್ನರ್, ಮಾರ್ಚಂಡ್ ಎಂಬ ಇನ್ನಿಬ್ಬರೂ ಸೇರಿ ಒಬ್ಬೊಬ್ಬ ರೋಗಿಯದೂ ಹಿಂದಿನದನ್ನು ಕೆದಕಿದರು. ಎಲ್ಲಿ ಹುಟ್ಟಿದ್ರಿ, ಎಲ್ಲಿ ಬೆಳೆದ್ರಿ, ಏನು ಕೆಲಸ ಮಾಡಿದ್ರಿ. 1960ರಲ್ಲಿ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಗೆ ಕಾಲಿಡದೆ, ಗಣಿಯ ಹತ್ತಿರ ಸುಮ್ನೆ ಬದುಕಿದ್ದವರೂ ಇದ್ದರು. ಆಸ್ಬೆಸ್ಟಾಸಿಗೂ ಈ ಕಾಯಿಲೆಗೂ ಇರುವ ನಂಟು ಜಗತ್ತಿಗೆ ತಿಳಿದದ್ದು ಹೀಗೆ, ಕೆಲಸ ಮತ್ತು ಊರು ಕೇಳಿದ್ದರಿಂದ. ಅದಕ್ಕೂ ಬಹಳ ಹಿಂದೆ, 1700ರಲ್ಲಿ, ಇಟಲಿಯ ವೈದ್ಯ ರಾಮಾಜಿನಿ ತನ್ನ ಜೊತೆಯ ವೈದ್ಯರಿಗೆ ಹೇಳಿದ್ದ, ರೋಗಿಯನ್ನು ನೋಡಿದಾಗ ಅವನ ಕಸುಬು ಏನು ಅಂತಲೂ ಕೇಳಿ ಅಂತ.

ನಮ್ಮ ಅಪ್ಪನನ್ನು ಯಾರೂ ಕೇಳಲಿಲ್ಲ.

ಮೊದಲು ಬಲಗಡೆ ಪಕ್ಕೆ ನೋವು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್-ರೇ ತೆಗೆದರು, ಎದೆಯಲ್ಲಿ ನೀರು. ನೀರು ತೆಗೆದರು, ಮತ್ತೆ ತುಂಬಿತು. ಟಿಬಿ ಅಂದರು, ಗುಳಿಗೆ ಶುರು ಮಾಡಿದರು. ಟಿಬಿಯ ರೋಗಾಣು ಯಾವ ಪರೀಕ್ಷೆಯಲ್ಲೂ ಸಿಗಲಿಲ್ಲ, ಆದರೂ ಗುಳಿಗೆ ನಿಲ್ಲಲಿಲ್ಲ. ಅಪ್ಪ ಸೊರಗುತ್ತಾ ಹೋದರು. ಕೇಸ್ ಪೇಪರಿನಲ್ಲಿ "ಬೀಡಿ: ಹೌದು" ಅಂತ ದಪ್ಪಗೆ ಬರೆದಿದ್ದಾರೆ. ಕೆಲಸದ ಮುಂದೆ "ನಿವೃತ್ತ". ನಿವೃತ್ತ ಅನ್ನುವುದು ಒಂದು ಕೆಲಸವಾ? ಎಲ್ಲಿಂದ ನಿವೃತ್ತ? ಏನು ಮುಟ್ಟುತ್ತಿದ್ದರು, ಏನು ಉಸಿರಾಡುತ್ತಿದ್ದರು?

ನನ್ನ ಗೆಳತಿಯೊಬ್ಬಳು ಡಾಕ್ಟರ್. ಅವಳು ಹೇಳುತ್ತಾಳೆ, "ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಅಂದ್ರೆ ಬಹಳ ಸಲ ಟಿಬಿಯೇ ಇರ್ತದ. ಹೊರಗ ಅಷ್ಟು ಜನ ಕಾಯ್ತಿರ್ತಾರ, ಎಲ್ಲಾರ ಪುರಾಣ ಕೇಳಾಕ ಆಗ್ತದೇನ?" ಟಿಬಿ ಜಾಸ್ತಿ ಅನ್ನುವುದು ನಿಜ, ಅದನ್ನು ಮೊದಲು ನೋಡಬೇಕು, ಒಪ್ಪುತ್ತೇನೆ. ಆದರೆ ಬೀಡಿ ಕೇಳಲು ಹೊತ್ತು ಇತ್ತಲ್ಲ? ಅದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು? ಬಾಯ್ಲರ್, ಆಸ್ಬೆಸ್ಟಾಸ್ ಎಂಬ ಎರಡು ಮಾತು ಮೊದಲೇ ಹೊರಗೆ ಬಂದಿದ್ದರೆ ಸಿಟಿ ಸ್ಕ್ಯಾನ್, ಬಯಾಪ್ಸಿ ಮೊದಲೇ ಆಗುತ್ತಿತ್ತು. ಈ ಕಾಯಿಲೆ ಬರೀ ನೀರಿನ ಪರೀಕ್ಷೆಯಲ್ಲಿ ಬಹಳ ಸಲ ಸಿಗುವುದಿಲ್ಲ. ಪಕ್ಕೆಲುಬುಗಳ ನಡುವೆ ಸಣ್ಣ ಕ್ಯಾಮೆರಾ ಇಳಿಸಿ, ಪೊರೆಯ ಚೂರು ತೆಗೆದು ನೋಡಬೇಕು. ಕೊನೆಗೆ ಹಾಗೆ ನೋಡಿದಾಗಲೇ ಅಪ್ಪನದೂ ತಿಳಿದದ್ದು.

"ಮೊದಲ ಗೊತ್ತಾಗಿದ್ರೂ ಏನ್ ಮಾಡ್ತಿದ್ರಿ, ವಾಸಿ ಆಗೂದಲ್ಲ" ಅಂತ ಒಬ್ಬರು ನನಗೆ ಸಮಾಧಾನ ಹೇಳಿದರು. ಪೂರ್ತಿ ವಾಸಿ ಆಗುವುದು ಬಹಳ ಅಪರೂಪ, ಗೊತ್ತು. ಆದರೆ ವಾಸಿ ಆಗದ ಕಾಯಿಲೆಯ ಜೊತೆಗೂ ಬದುಕಬೇಕಲ್ಲ? ಪೆಮೆಟ್ರೆಕ್ಸೆಡ್ ಅಂತ ಔಷಧಿ ಇದೆ, ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಯ ಜೊತೆ ಕೊಡುತ್ತಾರೆ. ಜೊತೆಗೆ ಫಾಲಿಕ್ ಆಸಿಡ್ ಗುಳಿಗೆ, ಬಿ12 ಇಂಜೆಕ್ಷನ್ ಬೇಕೇ ಬೇಕು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೋಥೆರಪಿ ಕೂಡ ಬಂದಿದೆ, ನಮ್ಮಂಥವರ ಕೈಗೆ ಎಟುಕುವ ಬೆಲೆ ಅಲ್ಲ. ನೀರು ಮತ್ತೆ ಮತ್ತೆ ತುಂಬದ ಹಾಗೆ ಎರಡು ಪದರಗಳ ನಡುವೆ ಟಾಲ್ಕ್ ಪುಡಿ ಹಾಕಿ ಅಂಟಿಸುತ್ತಾರೆ. ಅದು ಆಗದಿದ್ದರೆ ಒಂದು ತೆಳು ನಳಿಕೆ ಒಳಗೇ ಬಿಡುತ್ತಾರೆ, ಮನೆಯಲ್ಲೇ ನೀರು ತೆಗೆಯಬಹುದು. ಅಪ್ಪನಿಗೆ ಟಾಲ್ಕ್ ಹಾಕಿದ ಮೇಲೆ ಒಂದಿಷ್ಟು ಉಸಿರು ಸಿಕ್ಕಿದೆ. ಅಂಗಳದವರೆಗೆ ಹೋಗಿ ಬರುತ್ತಾರೆ.

ಮನೆಯಲ್ಲಿ ನಾವು ಕಲಿತದ್ದನ್ನೂ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮಲಗಿದರೆ ಉಸಿರು ಕಟ್ಟುತ್ತದೆ, ಲೋಡಿಗೆ ಒರಗಿಸಿ ಕೂಡಿಸಿದರೆ ನಿದ್ದೆ ಬರುತ್ತದೆ. ಏದುಸಿರು ಬಂದಾಗ ಸಣ್ಣ ಫ್ಯಾನನ್ನು ಮುಖಕ್ಕೇ ಗಾಳಿ ಬಡಿಯುವಂತೆ ಹಿಡಿಯಿರಿ, ನಿಜವಾಗಿಯೂ ಹಗುರ ಆಗುತ್ತದೆ. ರೊಟ್ಟಿ ಅಗಿಯುವಷ್ಟರಲ್ಲೇ ದಣಿಯುತ್ತಾರೆ. ಜೋಳದ ನುಚ್ಚು, ಮಜ್ಜಿಗೆ, ಮೆತ್ತಗಿನ ಅನ್ನ, ತತ್ತಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ. ಸ್ನಾನಕ್ಕೆ ಸ್ಟೂಲ್ ಹಾಕಿ. ಮಾರ್ಫಿನ್ ಗುಳಿಗೆ ಅಂದ ತಕ್ಷಣ "ಚಟ ಹತ್ತುತ್ತದೆ" ಅಂತ ನಮ್ಮ ಮನೆಯಲ್ಲೂ ಗದ್ದಲ ಆಯಿತು. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ನೋವನ್ನೂ ಏದುಸಿರನ್ನೂ ತಗ್ಗಿಸುತ್ತದೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಔಷಧಿ ಮೊದಲ ದಿನವೇ ಕೇಳಿ ಇಸಿದುಕೊಳ್ಳಿ. ನೋವು ತಿನ್ನುತ್ತಾ ಕೂಡುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಔಷಧಿಗೆ ಬಗ್ಗದ ನೋವು ಬೇರೆ. ಅದು "ಮಾಡಿದ್ದು ಉಣ್ಣಾಕತ್ತೀನಿ" ಅನ್ನುವ ನೋವು. ನಾನು, ಅಣ್ಣ, ವೈನಿ ಎಷ್ಟು ಸಲ ಬಿಡಿಸಿ ಹೇಳಿದ್ದೇವೆ. ಹೇಳಿದಾಗ ತಲೆ ಆಡಿಸುತ್ತಾರೆ. ಮಾತಾಡಿಸಲು ಬಂದವರು ಒಂದು ಬೀಡಿಯ ಪ್ರಶ್ನೆ ಕೇಳಿದರೆ ಸಾಕು, ನಾವು ಹೇಳಿದ್ದೆಲ್ಲ ಹೊಳೆ ಪಾಲು. ಕಾರ್ಖಾನೆಯ ದೂಳು ಕುಡಿಸಿದವರು ಯಾರೂ ತಲೆ ತಗ್ಗಿಸಿಲ್ಲ. ಕುಡಿದವರು ತಗ್ಗಿಸಿದ್ದಾರೆ. ಇದನ್ನು ನಾನು ಹೇಗೆ ತಡೆದುಕೊಳ್ಳಲಿ?

ಇನ್ನೊಂದು ಮಾತು, ಇಲ್ಲಿಯವರೆಗೆ ಯಾರ ಮುಂದೂ ಆಡಿಲ್ಲ. ಅಪ್ಪನ ಕೆಲಸದ ಅಂಗಿ ಪ್ಯಾಂಟನ್ನು ಅವ್ವ ಹಿತ್ತಲಲ್ಲಿ ಜಾಡಿಸಿ, ಕಲ್ಲಿನ ಮೇಲೆ ಒಗೆಯುತ್ತಿದ್ದಳು. ನಾನು ಪಕ್ಕದಲ್ಲೇ ಆಡುತ್ತಿದ್ದೆ. 1965ರಲ್ಲಿ ಲಂಡನ್ನಿನ ಒಂದು ಅಧ್ಯಯನದಲ್ಲೇ, ಆಸ್ಬೆಸ್ಟಾಸ್ ಕಾರ್ಮಿಕರ ಜೊತೆ ಒಂದೇ ಮನೆಯಲ್ಲಿದ್ದವರಿಗೂ, ಅವರ ಬಟ್ಟೆ ಒಗೆದ ಹೆಂಗಸರಿಗೂ ಈ ಕಾಯಿಲೆ ಬಂದದ್ದು ಕಂಡಿತ್ತು. ಎಲ್ಲರಿಗೂ ಬರುವುದಿಲ್ಲ, ಬಹಳ ಕಡಿಮೆ ಜನಕ್ಕೆ ಬರುತ್ತದೆ, ಗೊತ್ತು. ಆದರೂ ಅವ್ವ ಕೆಮ್ಮಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ನಾಳೆ ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ "ಮನೆಕೆಲಸ" ಅಂತ ಬರೆದು ಮುಗಿಸುತ್ತಾರೆ. ಗಂಡ ಏನು ಮಾಡುತ್ತಿದ್ದ ಅಂತ ಕೇಳುವವರು ಯಾರು?

ಇದು ನಮ್ಮ ಒಂದು ಮನೆಯ ಮಾತಲ್ಲ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆಯುವವರಿಗೆ ಕಲ್ಲಿನ ದೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಅದೂ ಬಹಳ ಸಲ ಟಿಬಿ ಅನ್ನಿಸಿಕೊಳ್ಳುತ್ತದೆ. ಹಳೆಯ ಬ್ರೇಕ್ ಲೈನರ್ ಉಜ್ಜಿದ ಗ್ಯಾರೇಜಿನವರು, ಆಸ್ಬೆಸ್ಟಾಸ್ ಸಿಮೆಂಟ್ ಶೀಟುಗಳನ್ನು ಕಟರ್ ಮಷೀನಿನಲ್ಲಿ ಕೊಯ್ಯುವ ಹುಡುಗರು, ಎಲ್ಲರೂ ಈ ಸಾಲಿನಲ್ಲಿದ್ದಾರೆ. ಶೀಟು ಸುಮ್ಮನೆ ಮಾಡಿನ ಮೇಲೆ ಇದ್ದರೆ ಅಪಾಯ ಕಡಿಮೆ. ಕೊಯ್ದಾಗ, ಕೊರೆದಾಗ, ಒಡೆದಾಗ ಎಳೆಗಳು ಹಾರುತ್ತವೆ. ಬ್ರಿಟನ್ 1999ರಲ್ಲೇ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಅದರ ಗಣಿಗಾರಿಕೆಗೆ ತಡೆ ಇದೆ, ಆದರೆ ಹೊರದೇಶದಿಂದ ತರಿಸಿ ಶೀಟು ಮಾಡುವುದು ನಡೆದೇ ಇದೆ.

ಕೆಲಸ ಕೇಳದಿದ್ದರೆ ಪರಿಹಾರವೂ ಇಲ್ಲ. ಆಸ್ಬೆಸ್ಟಾಸಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೀಸೋಥೆಲಿಯೋಮಾ ಎರಡೂ ಹಳೆಯ ನೌಕರರ ಪರಿಹಾರ ಕಾಯ್ದೆಯ 3ನೇ ಅನುಸೂಚಿಯಲ್ಲಿ, ಅಂದರೆ ಕಾಯ್ದೆಯ ಕೊನೆಯ ಪಟ್ಟಿಯಲ್ಲಿ, ಕಸುಬಿನ ಕಾಯಿಲೆ ಅಂತಲೇ ಇದ್ದವು; 2025ರಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೆಯೇ ಇವೆ. ಆಸ್ಬೆಸ್ಟಾಸ್ ಉದ್ದಿಮೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಕೇಸ್ ಪೇಪರಿನಲ್ಲಿ ಬೀಡಿ ಅಂತ ಮಾತ್ರ ಇದ್ದರೆ ವಕೀಲರು ಏನು ಮಾಡಬೇಕು?

ಬಾಯ್ಲರ್, ಪೈಪಿನ ಹೊದಿಕೆ, ಶೀಟು, ಬ್ರೇಕ್ ಲೈನರ್, ಕ್ವಾರಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಕೂತು ಒಂದು ಹಾಳೆಯಲ್ಲಿ ಬರೆದಿಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಜಾಗ, ಯಾವ ವಿಭಾಗ, ಕೈಯಲ್ಲಿ ಏನು ಹಿಡಿಯುತ್ತಿದ್ದರು, ಜೊತೆಗೆ ಯಾರಿದ್ದರು. ಪಿಎಫ್ ಚೀಟಿ, ಗೇಟ್ ಪಾಸ್, ಹಳೆಯ ಐಡಿ ಕಾರ್ಡು ಬಿಸಾಡಬೇಡಿ. ಪಕ್ಕೆ ನೋವು, ಏದುಸಿರು ಅಂತ ಆಸ್ಪತ್ರೆಗೆ ಹೋದಾಗ ಆ ಹಾಳೆಯನ್ನು ಡಾಕ್ಟರ ಮೇಜಿನ ಮೇಲಿಡಿ. ಅವರು ಕೇಳದಿದ್ದರೂ ಓದಿ ಹೇಳಿ, ಕೇಸ್ ಪೇಪರಿನಲ್ಲಿ ಬರೆಯುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಅಪ್ಪನ ಜೊತೆ ಬಾಯ್ಲರ್ ವಿಭಾಗದಲ್ಲಿದ್ದವರು ಅಥವಾ ಅವರ ಮಕ್ಕಳು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ಅಪ್ಪನ ಬಾಯಿಂದ ಕೇಳಿ ಎಲ್ಲರ ಹೆಸರು ಬರೆಯಲು ಶುರು ಮಾಡಿದ್ದೇನೆ.